ದೊಡ್ಡ ಕ್ಯಾಬಿನೆಟ್ಟು

ಬಿಷ್ಕೆಕ್ಕಿನಲ್ಲಿ ಟ್ರಾಲಿಬಸ್ಸು ಓಡಿಸಿದವರ ಪೈಕಿ ಎಸೆನ್‌ನಷ್ಟು ಸಪ್ಪೆ ಮನುಷ್ಯ ಇನ್ನೊಬ್ಬನಿರಲಿಲ್ಲ. ಪ್ರಾಯವನ್ನೆಲ್ಲ ಒಂದೇ ದಾರಿಯಲ್ಲಿ, ತಲೆಯ ಮೇಲಿನ ಕರೆಂಟಿನ ತಂತಿ ಎಳೆದತ್ತ ಹೋಗಿ ಬಂದು ಕಳೆದ. ಟ್ರಾಲಿಬಸ್ಸುಗಳನ್ನು ನಿಲ್ಲಿಸಿದ ದಿನ ನಾವು ಡ್ರೈವರುಗಳೆಲ್ಲ ಕೂಗಾಡಿದೆವು, ಒಬ್ಬಿಬ್ಬರು ಅತ್ತೂ ಬಿಟ್ಟರು. ಎಸೆನ್ ತನ್ನ ಚಹಾದ ಬಟ್ಟಲು ತೊಳೆದು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ. ಆಮೇಲೆ ಗ್ಯಾಸ್ ಬಸ್ಸು ಓಡಿಸತೊಡಗಿದ. ಮಾಸ್ಕೋಗೆ ದುಡಿಯಲು ಹೋಗಿದ್ದ ಹೆಂಡತಿ ಅನಾರಾ, ಇನ್ನು ತಾನು ಬರುವುದಿಲ್ಲ, ಅಲ್ಲೇ ಬೇರೆ ಬದುಕು ಕಟ್ಟಿಕೊಂಡಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗಲೂ ಅಷ್ಟೇ. ‘ಆಯ್ತು’ ಎಂದ. ಕಲ್ಲಾದರೂ ಬಿಸಿಲಿಗೆ ಕಾಯುತ್ತದೆ, ಇವನಿಗೆ ಅದೂ ಇಲ್ಲವಲ್ಲ ಎಂದು ನಮಗೇ ಸಿಟ್ಟು ಬರುತ್ತಿತ್ತು.

ಅವನಿಗೆ ಉಳಿದವಳು ಮಗಳು ಜಿಬೆಕ್ ಒಬ್ಬಳೇ. ಹನ್ನೊಂದನೇ ತರಗತಿ, ಶಾಲೆಯ ಕೊನೆಯ ವರ್ಷ. ಅದು ಮುಗಿದ ಮೇಲೆ ಅವಳು ತನ್ನ ಹತ್ತಿರ ಬಂದಿರಲಿ ಎಂದು ಅನಾರಾ ಕೇಳಿದಳು. ಇರುವುದೋ ಹೋಗುವುದೋ, ಜಿಬೆಕ್ಕೇ ಹೇಳಲಿ ಎಂದು ಮಾತಾಯಿತು. ಚಳಿಗಾಲ ಪೂರ್ತಿ ಜಿಬೆಕ್ ಹೇಳಲಿಲ್ಲ, ಎಸೆನ್ ಕೇಳಲಿಲ್ಲ. ಅದರ ಬದಲು, ಅವಳು ಬಹಳ ದಿನದಿಂದ ಪೀಡಿಸುತ್ತಿದ್ದ ಗೇಮಿಂಗ್ ಕಂಪ್ಯೂಟರನ್ನು ಕಟ್ಟಿಸಿಕೊಡುತ್ತೇನೆ ಎಂದ.

ಲ್ಯಾಪ್‌ಟಾಪೇ ಸಾಕಲ್ಲ, ಅರ್ಧ ದುಡ್ಡು ನಾನು ಕಳಿಸುತ್ತೇನೆ ಎಂದಳು ಅನಾರಾ. ಬೇಡ ಎಂದ ಎಸೆನ್. ಕಾರಣ ಹೇಳಲಿಲ್ಲ. ಕಾರಣ ಇಷ್ಟೇ, ಲ್ಯಾಪ್‌ಟಾಪು ಚೀಲಕ್ಕೆ ಹಿಡಿಯುತ್ತದೆ, ಚೀಲ ಹೆಗಲಿಗೇರಿದರೆ ಹುಡುಗಿ ಹೊರಟಳೆಂದೇ ಲೆಕ್ಕ.

ಬಸ್ಸು ಕೊನೆಯ ನಿಲ್ದಾಣದಲ್ಲಿ ನಿಂತಾಗೆಲ್ಲ ಅವನು ಫೋನಿನಲ್ಲಿ ವಿಡಿಯೊ ನೋಡಿ ಕಲಿತ. ಪ್ರೊಸೆಸರು ಮಧ್ಯಮದ್ದಾದರೆ ಸಾಕು, ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಸುರಿಯಬೇಕು. ಮನೆಮನೆಯಲ್ಲೂ ಹೀಟರು ಹಚ್ಚಿ ಕರೆಂಟು ಕುಂಟುವ ಊರಿನಲ್ಲಿ ಪವರ್ ಸಪ್ಲೈಗೆ ಜಿಪುಣತನ ಮಾಡಬಾರದು. ಒಂದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ, ಅವನೇ ತೀರ್ಮಾನಿಸಿದ: ಇದೆಲ್ಲ ಕೂರುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ಟು, ಇದ್ದುದರಲ್ಲೇ ದೊಡ್ಡದಿರಬೇಕು, ಗಾಜಿನದಿರಬೇಕು, ಇಬ್ಬರು ಹೊರುವಷ್ಟು ತೂಕವಿರಬೇಕು. ಅದನ್ನಿಡಲು ಜಿಬೆಕ್‌ಳ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಮೇಜು ಮಾಡಿ ಮೊಳೆ ಹೊಡೆದ. ಮಗಳನ್ನು ‘ಇರು’ ಎಂದು ಬಾಯಿಬಿಟ್ಟು ಕೇಳುವುದು ಬಿಟ್ಟು ಬಡಗಿ ಕೆಲಸಕ್ಕೆ ಕೂತ. ಇಂಥವನಿಗೆ ಏನು ಹೇಳೋಣ!

ವಸಂತದ ನೂರೂಜ್ ಹಬ್ಬ ಕಳೆದ ಭಾನುವಾರ ಅಪ್ಪ ಮಗಳು ಮಿರ್ಲಾನ್ ಎಂಬವನ ಕಂಪ್ಯೂಟರ್ ಅಂಗಡಿಗೆ ಹೋದರು. ಎಸೆನ್ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ.

“ಬಾಯ್ಕೆ,” ಎಂದ ಮಿರ್ಲಾನ್, ಹಿರಿಯಣ್ಣನನ್ನು ಕರೆಯುವ ಹಾಗೆ. “ಕಾರ್ಡ್ ತಗೊಳ್ತಿದೀರೋ ಕುದುರೆ ತಗೊಳ್ತಿದೀರೋ? ಹಲ್ಲು ಎಣಿಸೋ ಥರ ನೋಡ್ತಿದೀರಲ್ಲ.”

“ಕ್ರಿಪ್ಟೋ ಹಣ ಗಳಿಸೋಕೆ ಅಂತ ಹಗಲೂ ರಾತ್ರಿ ಓಡಿಸಿದ್ದಲ್ಲ ತಾನೆ ಇದು?”

“ಅಮ್ಮನಾಣೆ ಅಲ್ಲ. ಇದರ ಯಜಮಾನ ಮದುವೆ ಆದ, ಹೆಂಡ್ತಿ ಮಾರಿಸಿದ್ಳು. ಇಷ್ಟೇ ಇದರ ಚರಿತ್ರೆ.”

ಜಿಬೆಕ್ ನಕ್ಕಳು. ಕಾರ್ಡು ಆಯಿತು, ಪ್ರೊಸೆಸರೂ ಆಯಿತು. ಎಸೆನ್ ಮೂಲೆಯಲ್ಲಿದ್ದ ಕಪ್ಪು ಗಾಜಿನ ಕ್ಯಾಬಿನೆಟ್ಟಿನ ಕಡೆ ಕೈ ತೋರಿಸುವಷ್ಟರಲ್ಲಿ ಅವಳು ಮೇಲಿನ ಹಲಗೆಯಿಂದ ಪುಟ್ಟದೊಂದನ್ನು ಇಳಿಸಿ ತಂದಳು.

“ಆತಾ,” ಎಂದು ಅಪ್ಪನನ್ನು ಕರೆದಳು, “ಇದು ತಗೊಳ್ಳೋಣ.”

“ಇದಾ? ಚಪ್ಪಲಿ ಡಬ್ಬ ಇದ್ದಂಗಿದೆಯಲ್ಲೇ!”

“ಅಯ್ಯೋ ತಂಗಿ,” ಎಂದ ಮಿರ್ಲಾನ್, “ಇದಕ್ಕೆ ಪುಟ್ಟ ಮದರ್‌ಬೋರ್ಡೇ ಬೇಕು, ಪುಟ್ಟ ಪವರ್ ಸಪ್ಲೈಯೇ ಬೇಕು. ಪುಟ್ಟದು ಅಂದ್ರೆ ರೇಟು ಜಾಸ್ತಿ. ಅಪ್ಪ ಆರಿಸಿದ ಕಾರ್ಡು ಇದರೊಳಗೆ ಕೂರೋದೂ ಇಲ್ಲ. ಅಷ್ಟೇ ದುಡ್ಡಿಗೆ ಒಂದು ಮೆಟ್ಟಿಲು ಕೆಳಗಿನ ಕಾರ್ಡು ಸಿಗುತ್ತೆ. ಯಾಕೆ ಬೇಕು?”

“ಸಾಕು. ಇದೇ ಇರಲಿ,” ಎಂದಳು ಜಿಬೆಕ್.

“ಮೇಜಿನ ಮೇಲೆ ಬೇಕಾದಷ್ಟು ಜಾಗ ಇದೆ,” ಎಂದ ಎಸೆನ್.

ಮಿರ್ಲಾನ್‌ಗೆ ಬಾಯಿ ಸುಮ್ಮನಿರದು. “ಇದನ್ನ ಯಾರು ಒಯ್ತಾರೆ ಗೊತ್ತಾ ಬಾಯ್ಕೆ? ಹೊರದೇಶಕ್ಕೆ ಹೋಗೋ ಹುಡುಗ್ರು. ವಿಮಾನದಲ್ಲಿ ಕೈಚೀಲದಲ್ಲೇ ಇಟ್ಕೊಂಡು ಹೋಗ್ಬಿಡ್ತಾರೆ.”

ಜಿಬೆಕ್ ತಲೆ ತಗ್ಗಿಸಿದಳು. ಅವಳ ಕಿವಿ ಕೆಂಪಾಗಿತ್ತು.

ಎಸೆನ್‌ಗೆ ಅರ್ಥವಾಯಿತು. ಎದೆ ಒಡೆಯಬೇಕಿತ್ತು, ಒಡೆಯಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿ ನೋಡುವ ಹಾಗೆ ‘ಮಗಳು ಹೋಗುತ್ತಾಳೆ’ ಎಂದು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದ. ಏನೂ ಆಗಲಿಲ್ಲ. ಗೆಲ್ಲುವುದು ಅವನಿಗೆ ಸುಲಭವಿತ್ತು. ಅಂಗಡಿಯವನು ಅವನ ಕಡೆಗಿದ್ದ, ದುಡ್ಡು ಅವನ ಜೇಬಿನಲ್ಲಿತ್ತು. ದೊಡ್ಡದೇ ಕೊಡು ಎಂದರೆ ಮುಗಿಯಿತು, ಅವಳು ಎದುರಾಡುವವಳಲ್ಲ.

“ಇದರೊಳಗೆ ಬಿಸಿ ಏರಲ್ವಾ?” ಎಂದು ಕೇಳಿದ.

“ಒಳ್ಳೇ ಫ್ಯಾನ್ ಹಾಕಿದ್ರೆ ಏರಲ್ಲ.”

“ಹಾಕು ಹಾಗಾದ್ರೆ. ಕಾರ್ಡು ಹೊಸದೇ ಕೊಡು. ಅಲ್ಲಿ ಕೆಟ್ಟು ಕೂತ್ರೆ ರಿಪೇರಿಗೆ ಅಂತ ಇವಳ ಜೊತೆ ಯಾರು ಓಡಾಡ್ತಾರೆ?”

“ಎಲ್ಲಿ?” ಎಂದ ಮಿರ್ಲಾನ್.

“ಯಾವಾಗ?” ಎಂದು ಎಸೆನ್ ಮಗಳನ್ನು ಕೇಳಿದ.

“ಪರೀಕ್ಷೆ ಮುಗಿದ ಮೇಲೆ. ಹೇಳ್ಬೇಕು ಅಂತಾನೇ ಇದ್ದೆ ಆತಾ. ನೀವು ಮೇಜು ಮಾಡ್ತಾ ಇದ್ರಿ... ಬಾಯೇ ಬರ್ಲಿಲ್ಲ.”

“ಆಯ್ತು,” ಎಂದ.

ಮಿರ್ಲಾನ್ ಈಗ ಸ್ವಲ್ಪ ಮೆತ್ತಗಾಗಿದ್ದ. “ಮಾನಿಟರು ಬೇಕಾ?”

“ಬೇಡ, ಅಮ್ಮನ ಮನೇಲಿ ಇದೆ,” ಎಂದಳು ಜಿಬೆಕ್.

ಎಸೆನ್ ಗೋಡೆಯ ಮೇಲಿದ್ದ ಅಗಲದ ಮಾನಿಟರನ್ನು ತೋರಿಸಿದ. “ಅದು ಕೊಡು.”

“ಆತಾ, ಅದನ್ನ ಒಯ್ಯೋಕಾಗಲ್ಲ.”

“ಒಯ್ಯೋದು ಬೇಡ. ಹೋಗೋ ತನಕ ಗೋಡೆ ನೋಡ್ಕೊಂಡು ಆಡ್ತೀಯಾ? ಆಮೇಲೂ ಅದು ಇಲ್ಲೇ ಇರಲಿ. ರಜೆಗೆ ಬಂದಾಗ ನಿನ್ನ ಡಬ್ಬ ತಂದು ಸಿಕ್ಕಿಸ್ಕೊಂಡ್ರೆ ಆಯ್ತು, ಕೂತ್ಕೊಂಡು ಆಡ್ಬೋದು.”

ಇಷ್ಟುದ್ದ ಮಾತನ್ನು ಅವನು ಆಡಿದ್ದು ಯಾವ ಕಾಲದಲ್ಲೋ. ಆಡಿ ಮಗಳ ಮುಖ ನೋಡಿದ. ‘ಬರ್ತೀನಿ’ ಎನ್ನುತ್ತಾಳೆಂದು ಕಾದ. ಮಿರ್ಲಾನ್ ಕೂಡ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕಾದ.

“ಕೇಬಲ್ಲು ಬೇರೆ ತಗೋಬೇಕಾ?” ಎಂದು ಜಿಬೆಕ್ ಅಂಗಡಿಯವನನ್ನು ಕೇಳಿದಳು.

“ಬೇಡಮ್ಮ, ಅದರ ಜೊತೆಗೇ ಇರುತ್ತೆ.”

ಎಸೆನ್‌ಗೆ ಆಗ ನೋವಾಯಿತು. ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದವನು ಎಷ್ಟೋ ಹೊತ್ತು ಕೈಯನ್ನು ಹೊರಗೆ ತೆಗೆಯಲಿಲ್ಲ.