ವರ್ಷದ ಕೆಟ್ಟ ಪುಸ್ತಕಕ್ಕೆ ಮಸ್ಕಿಯಲ್ಲಿ ಫೈಸಲಾ

ಸಭೆ-ಸಮಾರಂಭಗಳಲ್ಲಿ ಹಾರ ಹಾಕುವುದನ್ನು ಬಿಟ್ಟು ಪುಸ್ತಕ ಕೊಡುವ ರೂಢಿ ಬಂದ ಮೇಲೆ ಸಾಹಿತ್ಯಕ್ಕೆ ಒಳ್ಳೆಯದಾಯಿತು ಎನ್ನುವವರಿದ್ದಾರೆ. ನಾನು ಹಾರದ ಪಕ್ಷದವನು. ಹಾರ ಸಂಜೆಯೊಳಗೆ ಬಾಡುತ್ತದೆ, ಆಡಿಗೆ ಹಾಕಬಹುದು. ಪುಸ್ತಕ ಬಾಡುವುದಿಲ್ಲ, ಆಡು ಮೂಸಿಯೂ ನೋಡುವುದಿಲ್ಲ. ಸಿಂಧನೂರಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದ ಅಪರಾಧಕ್ಕಾಗಿ ಇಂಥ ಪುಸ್ತಕಗಳು ವರ್ಷವಿಡೀ ನನ್ನ ಮನೆಗೆ ಬಂದು ಬೀಳುತ್ತವೆ. ದುರಂತವೆಂದರೆ ನಾನು ಅವನ್ನು ಓದುತ್ತೇನೆ.

ಅದಕ್ಕೆ ಕಾರಣ ಲಿಂಗಸುಗೂರಿನ ನನ್ನ ಗೆಳೆಯ. ಸರ್ಕಾರಿ ಕಚೇರಿಯ ರೆಕಾರ್ಡ್ ಕೋಣೆಯಲ್ಲಿ ಧೂಳಿನೊಂದಿಗೆ ಸಂಸಾರ ಮಾಡಿ ನಿವೃತ್ತನಾದವನು. ಡಿಸೆಂಬರಿನ ಕೊನೆಯ ಭಾನುವಾರ ಅವನು ಅಲ್ಲಿಂದ, ನಾನು ಇಲ್ಲಿಂದ ಬಸ್ಸು ಹತ್ತಿ, ನಡುವೆ ಮಸ್ಕಿಯಲ್ಲಿ ಇಳಿಯುತ್ತೇವೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಗ್ಗರಣಿ ಮಂಡಕ್ಕಿ-ಮಿರ್ಚಿಯ ಸಾಕ್ಷಿಯಲ್ಲಿ ನ್ಯಾಯಪೀಠ ಕೂಡುತ್ತದೆ. ವರ್ಷದ ಓದಿನಲ್ಲಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಆರಿಸಿ ಯಾದಿ ಬರೆಯಬೇಕು. ಯಾರ ಮುಲಾಜೂ ನೋಡಬಾರದು. ಒಳ್ಳೆಯದನ್ನು ಇನ್ನೊಬ್ಬನ ಕೈಗೆ ಕೊಡಬೇಕು. ಕೆಟ್ಟದ್ದನ್ನು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಿಟ್ಟು ಹೋಗಬೇಕು. ಇಷ್ಟು ವರ್ಷಗಳಲ್ಲಿ ಅದನ್ನು ಒಬ್ಬರೂ ಕದ್ದಿಲ್ಲ. ಒಮ್ಮೆಯಂತೂ ಹೋಟೆಲಿನವನು ಹೊರಟ ಬಸ್ಸಿಗೆ ಬಡಿದು ನಿಲ್ಲಿಸಿ, "ಸರ್, ಬಿಟ್ಟು ಹೊಂಟೀರಲ್ರೀ" ಎಂದು ಕಿಟಕಿಯಿಂದ ಒಳಗೆ ತೂರಿಸಿದ. ಪ್ರಾಮಾಣಿಕರ ಊರು.

ಕಳೆದ ಡಿಸೆಂಬರಿನಲ್ಲಿ ಚೀಲ ಭಾರವಾಗಿತ್ತು. ಒಂದು ಕವನ ಸಂಕಲನ: ಪುಟಕ್ಕೊಬ್ಬ ಚಂದ್ರ, ಅಮಾವಾಸ್ಯೆಗೂ ರಜೆಯಿಲ್ಲ. ಬದುಕು ಗೆಲ್ಲುವ ನೂರೊಂದು ಸೂತ್ರಗಳು: ಆರನೆಯದೇ ಅರವತ್ತನೆಯದಾಗಿ ಮತ್ತೆ ಬಂದಿದೆ, ಅಷ್ಟರೊಳಗೆ ಓದುಗ ಗೆದ್ದು ಎದ್ದುಹೋಗಿರುತ್ತಾನೆಂಬ ನಂಬಿಕೆ. ನಮ್ಮ ಭಾಗದ ಇತಿಹಾಸವೆಂಬುದೊಂದು: ಶಿಲಾಶಾಸನಗಳ ಕಾಲದಿಂದ ಭರದಲ್ಲಿ ಹೊರಟು, ಮೂರನೆಯ ಅಧ್ಯಾಯದಲ್ಲಿ ಲೇಖಕರ ಮಾವನವರ ರೈಸ್ ಮಿಲ್ ತಲುಪಿ, ಅಲ್ಲೇ ಬಿಡಾರ ಹೂಡುತ್ತದೆ.

ಎಲ್ಲಕ್ಕಿಂತ ಕೆಳಗೆ, ಚೀಲದ ತಳದಲ್ಲಿ, ನನ್ನ ಗೆಳೆಯನದೇ ಪುಸ್ತಕ. ಮಾರ್ಚಿನಲ್ಲಿ ಅಚ್ಚಾದ ಅವನ ಆತ್ಮಕಥೆ. ಸಾಲಗುಂದದ ಅವನ ತಾಯಿಯನ್ನು ನಾನು ಬಲ್ಲೆ. ಹೊಲದ ಬದುವಿನಲ್ಲಿ ನಿಂತು ಕೂಗಿದರೆ ಊರೇ ಊಟಕ್ಕೆ ಏಳುತ್ತಿತ್ತು. ಪುಸ್ತಕದಲ್ಲಿ ಆ ತಾಯಿ, "ವತ್ಸಾ, ಭೋಜನಕ್ಕೆ ಆಗಮಿಸು" ಎನ್ನುತ್ತಾಳೆ. ಇನ್ನೂರು ಪುಟದುದ್ದಕ್ಕೂ ಎಲ್ಲರೂ ಹೀಗೆಯೇ, ಪೀತಾಂಬರ ಉಟ್ಟು ಕಳೆ ಕೀಳಲು ಹೊರಟವರಂತೆ.

ನಾನು ಇತಿಹಾಸದ ಪುಸ್ತಕಕ್ಕೆ ಶಿಕ್ಷೆ ವಿಧಿಸಿ ಚಹಾ ಹೇಳಿದೆ.

"ಆತೇನು?" ಎಂದ.

"ಆತು."

"ನಂದು?"

"ಚೀಲದಾಗ ಐತಿ."

"ಓದಿಲ್ಲೇನು?"

"ಎರಡು ಸಲ ಓದೀನಿ."

"ಮತ್ತ ಯಾದ್ಯಾಗ ಯಾಕಿಲ್ಲ? ಇಲ್ಲೇ ಇಲ್ಲ ಅನ್ನೂದಕ್ಕಿಂತ, ಕೆಟ್ಟದ್ದು ಅಂತಾದ್ರೂ ಬರೀಲೇ ಮಾಸ್ತರ. ಮುಲಾಜ್ ನೋಡಬಾರದು ಅಂತ ಕಾನೂನು ಮಾಡಿದಾಂವ ನೀನ."

ಮೂವತ್ತು ವರ್ಷದ ಗೆಳೆತನ ಮಿರ್ಚಿಯ ತಟ್ಟೆಯ ಪಕ್ಕದಲ್ಲಿ ಬಂದು ಕೂತಿತು. "ಕೆಟ್ಟೈತಿ" ಎಂದೆ.

"ಎಷ್ಟು?"

"ಚಂದ್ರನಕಿಂತ."

ಅವನು ಬೆರಳಿನ ಎಣ್ಣೆಯನ್ನು ಹಳೆಯ ಪತ್ರಿಕೆಗೆ ನಿಧಾನವಾಗಿ ಒರೆಸಿದ. "ಅಚ್ಚಾಗಿ ಬಂದ ದಿನ ನಮ್ಮನಿಯಾಕಿಗೆ ಓದಿ ಹೇಳಿದೆ. ಯಾರ್ರೀ ಇವ್ರು, ಛಲೋ ಮಂದಿ ಇದ್ದಂಗ ಅದಾರ ಅಂದ್ಲು. ನಮ್ಮವ್ವನ ಸೇವಾ ಇಪ್ಪತ್ತು ವರ್ಷ ಮಾಡ್ಯಾಳ. ಗುರುತು ಹಿಡೀಲಿಲ್ಲ."

ತೀರ್ಪು ಕೊಟ್ಟ ನ್ಯಾಯಾಧೀಶನೇ ಅಪರಾಧಿ ಎಂಬುದನ್ನು ಇನ್ನು ಹೇಳಲೇಬೇಕಾಗಿತ್ತು. ಅವನ ಹಸ್ತಪ್ರತಿ ಮೊದಲು ಬಂದದ್ದು ನನ್ನ ಬಳಿಗೆ. "ಒಂಚೂರು ನೋಡು" ಎಂದಿದ್ದ. ನಾನು ಕೆಂಪು ಪೆನ್ನು ಹಿಡಿದು ಮೂರು ತಿಂಗಳು ನೋಡಿದೆ. ಅವನು ಬರೆದದ್ದು "ಉಣ್ಣಾಕ ಬಾರಲೇ ಭಾಡ್ಯಾ" ಎಂದು. ಅಚ್ಚಿನಲ್ಲಿ ತಾಯಿಗೆ ಗಾಂಭೀರ್ಯ ಬೇಡವೇ ಎಂದುಕೊಂಡು ವತ್ಸನನ್ನು ಕರೆತಂದವನು ನಾನು. ನನ್ನ ಕೈಯಿಂದ ತಪ್ಪಿಸಿಕೊಂಡದ್ದು ನಾಲ್ಕೇ ಪುಟ. ಅವನ್ನು ತಡವಾಗಿ ಬರೆದು ನೇರ ಪ್ರೆಸ್ಸಿಗೆ ಕೊಟ್ಟಿದ್ದ. ಅವುಗಳಲ್ಲಿರುವುದು ಮುದಗಲ್ಲಿನಲ್ಲಿ ಅವನಿದ್ದ ಬಾಡಿಗೆ ಕೋಣೆ. ಲಿಂಗಸುಗೂರಿನ ಮೊದಲ ಬಸ್ಸಿಗೆ ಅವನನ್ನು ಎಬ್ಬಿಸಲೆಂದು ಪಕ್ಕದ ಮನೆಯ ಮುದುಕಿ ದಿನಾ ಗೋಡೆಗೆ ಒನಕೆಯಿಂದ ಕುಟ್ಟುತ್ತಿದ್ದಳು. ಒಂದು ದಿನ ಗೋಡೆ ಸುಮ್ಮನಿತ್ತು. ಎಚ್ಚರವಾದಾಗ ಹತ್ತು ಗಂಟೆ. ಅವನು ಬಸ್ಸಿಗೆ ಓಡಲಿಲ್ಲ, ಪಕ್ಕದ ಬಾಗಿಲಿಗೆ ಓಡಿದ. ಆ ವರ್ಷ ಅದಕ್ಕಿಂತ ಒಳ್ಳೆಯದನ್ನು ನಾನು ಓದಿರಲಿಲ್ಲ.

"ಮುದಗಲ್ಲಿನ ನಾಕು ಪುಟ ಒಳ್ಳೇದರ ಯಾದಿಗೆ," ಎಂದೆ. "ಉಳಿದದ್ದು ಕೆಟ್ಟದ್ದಕ್ಕ. ಅದನ್ನ ಕೆಡಿಸಿದಾಂವ ನೀ ಅಲ್ಲ, ನಾ."

"ಗೊತ್ತೈತಿ. ಮಾರ್ಚಿನಿಂದ ಕಾಯಾಕತ್ತೀನಿ, ಈ ಮಾತು ನಿನ್ನ ಬಾಯಾಗಿಂದ ಯಾವಾಗ ಬರತೈತಿ ಅಂತ."

"ಮದ್ಲ ಹೇಳಾಕ ಏನಾಗಿತ್ತು?"

"ಮಂದಿ ತಪ್ಪು ತಿದ್ದಿ ಪೆನ್ಶನ್ ತಗೊಳ್ಳಾಂವಗ ತಪ್ಪು ತೋರಸೂದು ಸಣ್ಣ ಕೆಲಸೇನಲೇ?"

ಹಸ್ತಪ್ರತಿಯ ಝೆರಾಕ್ಸ್, ಕೆಂಪು ಹತ್ತುವ ಮುಂಚಿನದು, ಅವನ ಮನೆಯಲ್ಲಿತ್ತು. ರೆಕಾರ್ಡ್ ಕೋಣೆಯವರು ಹಾಗೆಲ್ಲ ಯಾರನ್ನೂ ನಂಬುವುದಿಲ್ಲ. "ಮುಂದಿನ ಐತವಾರ ತಗೊಂಡು ಬರ್ತೀನಿ, ಓದು. ಅದನ್ನ ಅಚ್ಚು ಹಾಕಸೋಣು," ಎಂದ. ಆಮೇಲೆ ನನ್ನ ಚೀಲದಿಂದ ತನ್ನ ಪುಸ್ತಕವನ್ನೂ, ಕಿಸೆಗೆ ಕೈಹಾಕಿ ಕೆಂಪು ಪೆನ್ನನ್ನೂ ತೆಗೆದ. ನಿಲ್ದಾಣಕ್ಕೆ ಹೋಗಿ ಕಲ್ಲುಬೆಂಚಿನ ಮೇಲೆ ತನ್ನ ಪುಸ್ತಕವಿಟ್ಟು, ಅದರ ಮೇಲೆ ಪೆನ್ನಿಟ್ಟು, ಹೆಣಕ್ಕೆ ಮಣ್ಣು ಹಾಕಿದವನಂತೆ ಕೈ ಝಾಡಿಸಿದ.

ಲಿಂಗಸುಗೂರಿನ ಬಸ್ಸು ಮೊದಲು ಬಂತು. ಅವನನ್ನು ಹತ್ತಿಸಿ ಹೊರಳಿ ನೋಡುವಷ್ಟರಲ್ಲಿ ಪೆನ್ನು ಮಾಯವಾಗಿತ್ತು. ಪುಸ್ತಕ ಇಟ್ಟಲ್ಲೇ ಇತ್ತು. ಮಸ್ಕಿಯ ಪ್ರಾಮಾಣಿಕತೆಯ ಬಗೆಗಿನ ಅಭಿಪ್ರಾಯವನ್ನು ತುಸು ಬದಲಾಯಿಸಿಕೊಂಡು ಪುಸ್ತಕವನ್ನು ನಾನೇ ಎತ್ತಿಕೊಂಡೆ. ಒಳ್ಳೆಯದು ಇನ್ನೊಬ್ಬನ ಕೈಗೆ ಹೋಗಬೇಕೆಂಬುದು ನಮ್ಮ ಕಾನೂನು. ಆ ಪುಸ್ತಕದಲ್ಲಿ ಮುದಗಲ್ಲಿನ ನಾಲ್ಕು ಪುಟ ನನ್ನ ಪಾಲಿನವಿದ್ದವು.