ಎಸ್‌ಎಂಪಿಎಸ್ ಮೇಲಿನ ಮಣ್ಣಿನ ಗೂಡು

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಇರಲಿಲ್ಲ ಎನ್ನುವುದಕ್ಕಿಂತ, ನಂಬುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೊಸನಗರದಲ್ಲಿ ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಮೊದಮೊದಲು ಜನ ಬಾಗಿಲಲ್ಲಿ ನಿಂತು ನನ್ನನ್ನೇ 'ಯಜಮಾನ್ರು ಇಲ್ವಾ' ಎಂದು ಕೇಳುತ್ತಿದ್ದರು. ಅವರ ಬಾಯಿ ಮುಚ್ಚಿಸಿದ್ದು ನನ್ನ ಕೆಲಸ. ಮಷೀನು ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಒಂದೊಂದೇ ಭಾಗ ಬದಲಿಸಿ ನೋಡುತ್ತ ಹೋದರೆ ಅದು ಸಿಕ್ಕೇ ಸಿಗುತ್ತದೆ. ಮಾನಿಟರಿಗೆ ನಿಂಬೆಹಣ್ಣು ಕಟ್ಟಿಕೊಂಡು ಕೂತವರನ್ನು ಹತ್ತು ಜನರ ಎದುರು ಆಡಿಕೊಂಡು ನಕ್ಕಿದ್ದೇನೆ. ನನ್ನ ನಾಲಿಗೆ ಹರಿತ. ಅದು ನನಗೂ ಗೊತ್ತು, ನನ್ನ ಮನೆಯವರಿಗೂ ಗೊತ್ತು.

ಇದು ನಾಲ್ಕು ವರ್ಷದ ಹಿಂದಿನ ಏಪ್ರಿಲ್ ತಿಂಗಳ ಮಾತು. ಹುಂಚದ ಹತ್ತಿರ ರಸ್ತೆ ಬದಿಯಲ್ಲಿ ಜಲಜಾ ಎಂಬವಳು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಳು. ಊರವರಿಗೆ ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ. ಗಂಡ ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಡ್ರೈವರ್. ಅವಳ ಕಂಪ್ಯೂಟರ್ ಅರ್ಜಿ ತುಂಬುತ್ತಿರುವಾಗಲೇ ಪಟ್ಟನೆ ಆಫ್ ಆಗುತ್ತದೆ ಎಂದು ಎರಡು ಸಲ ಫೋನ್ ಮಾಡಿದ್ದಳು. ಬಿಸಿಲು ಏರಿದ ಕಾಲದಲ್ಲಿ ಇದು ಮಾಮೂಲು. ಒಳಗೆ ದೂಳು ತುಂಬಿ ಬಿಸಿ ಹೊರಗೆ ಹೋಗದಿದ್ದರೆ ಮಷೀನು ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಇಲ್ಲವೇ ಎಸ್‌ಎಂಪಿಎಸ್ ಸೋತಿರುತ್ತದೆ. ಎಸ್‌ಎಂಪಿಎಸ್ ಎಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಡಬ್ಬಿ.

ನನಗೆ ಹೋಗಲು ಪುರುಸೊತ್ತಾದದ್ದು ಎರಡು ವಾರದ ಮೇಲೆ. ಅಷ್ಟರಲ್ಲಿ ಅದು ತಾನಾಗಿಯೇ ಸರಿಯಾಗಿದೆ ಎಂದಳು ಜಲಜಾ. ಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದವಳಿಗೆ ಸಿಟ್ಟು ಬಾರದೆ ಇರುತ್ತದೆಯೇ? ಬಂದಾಗಿದೆ, ನೋಡಿಯೇ ಹೋಗುತ್ತೇನೆ ಎಂದು ಕಂಪ್ಯೂಟರಿನ ಕ್ಯಾಬಿನೆಟ್ ತಿರುಗಿಸಿದೆ. ಎಸ್‌ಎಂಪಿಎಸ್‌ನ ಬಿಸಿಗಾಳಿ ಹೊರಬರಬೇಕಾದ ಜಾಲರಿಯ ಮೇಲೆ ಕುಂಬಾರ ಹುಳ ಗೂಡು ಕಟ್ಟಿತ್ತು. ಗೋಡೆ ಮೂಲೆಯಲ್ಲಿ, ಬಾಗಿಲ ಸಂದಿಯಲ್ಲಿ ಹಸಿಮಣ್ಣು ತಂದು ಮೆತ್ತುವ ಆ ಕಣಜ ನಿಮಗೂ ಗೊತ್ತಿರಬಹುದು. ಜಾಲರಿಯ ಅರ್ಧ ಮುಚ್ಚಿಹೋಗಿತ್ತು.

ನಾನು ಸ್ಕ್ರೂಡ್ರೈವರ್ ತೆಗೆದದ್ದು ನೋಡಿ ಜಲಜಾ ನನ್ನ ಮೊಣಕೈ ಹಿಡಿದುಕೊಂಡಳು.

"ಅಕ್ಕಾ, ಅದನ್ನ ಒಡಿಬೇಡಿ. ಕುಂಬಾರ ಹುಳ ಮನೆ ಕಟ್ಟಿದ್ರೆ ಆ ಮನೇಲಿ ಬಸುರಿ ಇದಾಳೆ ಅಂತಾರಲ್ಲ. ನಂಗೆ ಒಂದೂವರೆ ತಿಂಗಳಾತು. ನಮ್ಮನೆಯವರಿಗೂ ಹೇಳಿಲ್ಲ."

ಮದುವೆಯಾಗಿ ಒಂಬತ್ತು ವರ್ಷ. ಮಗುವಿಗಾಗಿ ಶಿವಮೊಗ್ಗ, ತೀರ್ಥಹಳ್ಳಿಯ ಆಸ್ಪತ್ರೆಗಳನ್ನೆಲ್ಲ ಅಲೆದಾಗಿತ್ತು. ಹಿಂದೆ ಎರಡು ಸಲ ಆಸೆ ಹುಟ್ಟಿ ಸುಳ್ಳಾಗಿದ್ದರಿಂದ ಪರೀಕ್ಷೆ ಮಾಡಿಕೊಳ್ಳಲೂ ಹೆದರಿ ಕೂತಿದ್ದಳು. ಮರಿ ಹೊರಗೆ ಬರುವವರೆಗೆ ಗೂಡು ಮುಟ್ಟಬಾರದು ಎಂಬುದು ನಮ್ಮ ಕಡೆಯ ಅಜ್ಜಿಯರ ಮಾತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹುಳ ಗೂಡು ಕಟ್ಟಿದ ದಿನದಿಂದ ಕಂಪ್ಯೂಟರ್ ಒಮ್ಮೆಯೂ ಆಫ್ ಆಗಿಲ್ಲ ಎಂದೂ ಹೇಳಿದಳು.

ನಾನೂ ಎರಡು ಹೆತ್ತವಳು. ಸುಮ್ಮನೆ ವಾಪಸು ಬರಬಹುದಿತ್ತು. ಆದರೆ ಗಾಳಿ ಮುಚ್ಚಿದ್ದರಿಂದ ಮಷೀನು ಸರಿಯಾಯಿತು ಎಂಬ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಗೂಡು ಕೆರೆದು ಕಾಗದದ ಮೇಲೆ ಉದುರಿಸಿದೆ. ಒಳಗೆ ಅರೆಜೀವದ ನಾಲ್ಕು ಹಸಿರು ಕಂಬಳಿಹುಳ, ಅವುಗಳ ನಡುವೆ ಬಿಳಿಯ ಒಂದು ಮರಿ. ಕಾಗದವನ್ನು ಅವಳ ಮುಂದೆ ಹಿಡಿದು, "ಇಷ್ಟೇ ನೋಡು ಮಾರಾಯ್ತಿ ನಿನ್ನ ಮಗು" ಎಂದೆ. ನಗಿಸಲು ಹೇಳಿದೆ ಎಂದು ಆಗ ನನಗೆ ನಾನೇ ಸಮಾಧಾನ ಮಾಡಿಕೊಂಡಿದ್ದೆ. ಅವಳು ನಗಲಿಲ್ಲ.

ದೂಳು ಊದಿ ಪವರ್ ಕೊಟ್ಟೆ. ಹತ್ತು ನಿಮಿಷಕ್ಕೆ ಮಷೀನು ಆಫ್ ಆಯಿತು. ಪ್ರೊಸೆಸರಿನ ಬಿಸಿ ಹೊರಗೆ ಸಾಗಿಸುವ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ, ಮತ್ತೆ ಹತ್ತು ನಿಮಿಷಕ್ಕೆ ಆಫ್. ಗೋಡೆಯ ಪ್ಲಗ್ಗಿಗೆ ಮೀಟರ್ ಹಿಡಿದರೆ ವೋಲ್ಟೇಜ್ ಸರಿಯಾಗಿಯೇ ಇತ್ತು. ಪರದೆಯಲ್ಲಿ ಪ್ರೊಸೆಸರಿನ ಬಿಸಿ ತೊಂಬತ್ತು ಡಿಗ್ರಿ ದಾಟಿದೆ ಎಂದು ತೋರಿಸುತ್ತಿತ್ತು, ಬೆರಳಿಟ್ಟರೆ ಅದು ಕಲ್ಲಿನ ಹಾಗೆ ತಣ್ಣಗಿತ್ತು. ಅಂಗಡಿಗೆ ಹೊತ್ತು ತಂದು ಹೊಸ ಎಸ್‌ಎಂಪಿಎಸ್ ಹಾಕಿದೆ. ನನ್ನ ಮೇಜಿನ ಮೇಲೆ ಎರಡು ದಿನ ನಿಲ್ಲಿಸದೆ ಓಡಿತು. ಗೆದ್ದೆ ಎಂದುಕೊಂಡು ಕೊಟ್ಟು ಬಂದೆ. ನಾನು ಹೊಸನಗರ ಮುಟ್ಟುವ ಮೊದಲೇ ಆಫ್ ಆಯಿತು ಎಂದು ಫೋನ್ ಬಂತು.

ಐದು ದಿನ ಬಿಟ್ಟು ಹೋದಾಗ ಜಲಜಾ ಬೇರೆಯೇ ಹೆಂಗಸಾಗಿದ್ದಳು. ಮುಖ ಅರಳಿತ್ತು. ಹುಳ ಮತ್ತೆ ಬಂದಿದೆ, ಹೊಸ ಡಬ್ಬಿಯ ಮೇಲೂ ಅದೇ ಜಾಗದಲ್ಲಿ ಕಟ್ಟಿದೆ ಎಂದಳು. ಅದನ್ನು ನೋಡಿದ ಧೈರ್ಯಕ್ಕೆ ಪರೀಕ್ಷೆ ಮಾಡಿಕೊಂಡಿದ್ದಳು, ನಿಜವಾಗಿತ್ತು. ಹಿಂದಿನ ದಿನವಷ್ಟೇ ಗಂಡನಿಗೆ ಹೇಳಿದ್ದಳಂತೆ. ಗೂಡು ಕಟ್ಟಿದಂದಿನಿಂದ ಕಂಪ್ಯೂಟರ್ ಬೆಳಗಿನಿಂದ ಸಂಜೆವರೆಗೂ ನಡೆಯುತ್ತಿತ್ತು. ಇಷ್ಟು ಹೇಳಿ ನನಗೆ ಮಜ್ಜಿಗೆ ತರಲು ಒಳಗೆ ಹೋದಳು.

ನಾನು ಕ್ಯಾಬಿನೆಟ್ ತಿರುಗಿಸಿ ನೋಡಿದೆ. ಈ ಸಲ ಜಾಲರಿ ಪೂರ್ತಿ ಮುಚ್ಚಿತ್ತು. ಮಣ್ಣು ಒಳಗಿನವರೆಗೂ ಹೋಗಿ ಎಸ್‌ಎಂಪಿಎಸ್‌ನ ಫ್ಯಾನನ್ನೇ ಕಚ್ಚಿಕೊಂಡಿತ್ತು. ಫ್ಯಾನ್ ತಿರುಗುತ್ತಿರಲಿಲ್ಲ, ಮಷೀನು ನಡೆಯುತ್ತಿತ್ತು. ಡಬ್ಬಿಯ ಮೇಲೆ ಅಂಗೈ ಇಟ್ಟೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಹೆಂಚಿನ ಮಾಡಿನ ಕೆಳಗೆ, ಫ್ಯಾನ್ ನಿಂತ ಆ ಡಬ್ಬಿ ಬಾವಿಕಟ್ಟೆಯಷ್ಟು ತಣ್ಣಗಿತ್ತು. ನನ್ನ ಕೆಲಸದಲ್ಲಿ ಅಂಥದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಹೆದರಿಕೆಯಾಯಿತು. ಹೆದರಿಕೆಯಾದದ್ದಕ್ಕೆ ರೋಷ ಬಂತು.

ಅವಳು ಲೋಟ ಹಿಡಿದು ಬರುವಷ್ಟರಲ್ಲಿ ನಾನು ಗೂಡು ಕೆರೆದಾಗಿತ್ತು. ಬೆರಳಿಗೆ ಹಸಿಮಣ್ಣು ಮೆತ್ತಿಕೊಂಡಿತ್ತು. ಫ್ಯಾನ್ ತಿರುಗಿತು, ಮಷೀನು ಆಫ್ ಆಯಿತು. ಈ ಸಲ ಹತ್ತು ನಿಮಿಷವೂ ಕಾಯಲಿಲ್ಲ.

ಜಲಜಾ ನನ್ನ ಕೈ ನೋಡಿದಳು. ಲೋಟ ಮೇಜಿನ ಮೇಲಿಟ್ಟು ಒಳಗೆ ಹೋದಳು. ನಾನು ಮಜ್ಜಿಗೆ ಕುಡಿದೆ. ಎರಡು ಸಲ ಕೂಗಿದೆ, ಉತ್ತರ ಬರಲಿಲ್ಲ. ಅರ್ಧ ಗಂಟೆ ಕಾದು, ಒಂದು ಹುಳದ ಗೂಡಿಗೆ ಇಷ್ಟು ಮುನಿಸೇ ಎಂದು ಬೈದುಕೊಂಡು, ಬಾಗಿಲು ಎಳೆದುಕೊಂಡು ಬಂದುಬಿಟ್ಟೆ.

ಅವಳು ಮುನಿಸಿಕೊಂಡಿರಲಿಲ್ಲ. ನಾನು ಹೊರಗೆ ಕೂತು ಮಜ್ಜಿಗೆ ಕುಡಿಯುತ್ತಿದ್ದಾಗ ಅವಳು ಬಚ್ಚಲಲ್ಲಿ ನೆಲದ ಮೇಲೆ ಬಿದ್ದಿದ್ದಳು. ಕೂಗಲೂ ತ್ರಾಣವಿರಲಿಲ್ಲವಂತೆ. ಸಂಜೆ ಬಸ್ಸು ಬಿಟ್ಟು ಬಂದ ಗಂಡ ನೋಡಿ ತೀರ್ಥಹಳ್ಳಿಗೆ ಕರೆದುಕೊಂಡು ಹೋದನಂತೆ. ಹೆಂಗಸು ಉಳಿದಳು, ಬಸಿರು ಉಳಿಯಲಿಲ್ಲ. ಇದು ನನಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ, ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಅವನೇ ಸಿಕ್ಕಿದಾಗ. ನಾನೇ ಗೂಡು ಒಡೆದವಳು ಎಂದು ಅವನಿಗೆ ತಿಳಿದಿರಲಿಲ್ಲ. ಮೊದಲ ತಿಂಗಳುಗಳಲ್ಲಿ ಹೀಗಾಗುವುದು ಅಪರೂಪವಲ್ಲ, ಯಾರದೂ ತಪ್ಪಿಲ್ಲ ಎಂದು ಡಾಕ್ಟರಮ್ಮ ಹೇಳಿದರು ಎಂದ. ನಾನು ತಲೆಯಾಡಿಸಿದೆ.

ಮಷೀನಿನ ಬಗ್ಗೆ ನಾಲ್ಕು ವರ್ಷದಿಂದ ಯೋಚಿಸುತ್ತಿದ್ದೇನೆ. ಬಿಸಿ ಅಳೆಯುವ ಭಾಗ ಕೆಟ್ಟು ಸುಳ್ಳು ತೋರಿಸಿರಬಹುದು. ಅವಳ ಅಂಗಡಿಯ ಅರ್ಥಿಂಗಿನಲ್ಲಿ ದೋಷ ಇದ್ದಿರಬಹುದು. ಆದರೆ ಫ್ಯಾನ್ ನಿಂತ ಡಬ್ಬಿಯ ಆ ತಂಪು ಈ ಯಾವುದಕ್ಕೂ ಹೊಂದುವುದಿಲ್ಲ.

ಸುದ್ದಿ ತಿಳಿದ ಮರುದಿನ ಅವಳನ್ನು ನೋಡಲು ಹೋದೆ. ಡಾಕ್ಟರು ಹೇಳಿದ್ದನ್ನೇ ನಾನೂ ಹೇಳಿದೆ. ಹುಳಕ್ಕೂ ಇದಕ್ಕೂ ಸಂಬಂಧವಿಲ್ಲ, ಮಷೀನಿನ ತೊಂದರೆಯೇ ಬೇರೆ ಎಂದು ಬಿಡಿಸಿ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಇದ್ದೀತು ಎಂದು ತಲೆಯಾಡಿಸಿದಳು ಕೂಡ. ಆಮೇಲೆ ಒಂದೇ ಒಂದು ಮಾತು ಕೇಳಿದಳು.

"ಅದಿರ್ಲಿ ಅಕ್ಕಾ. ಕಂಪ್ಯೂಟರ್ ಸರಿಯಾಗೇ ಇತ್ತಲ್ಲ, ಎರಡನೇ ಸಲ ಎಂತಕ್ಕೆ ಒಡೆದ್ರಿ?"

ನಾನು ಸ್ಕೂಟರಿನ ಕೀಲಿ ಹುಡುಕಿಕೊಂಡು ಎದ್ದೆ. ಅವಳು ಉತ್ತರಕ್ಕಾಗಿ ಬಾಗಿಲವರೆಗೂ ನನ್ನ ಜೊತೆ ನಡೆದು ಬಂದಳು.