ಮನೆಗಳ ಮೇಲೆ ಹಾದುಹೋದ ಹಡಗು

ಬ್ಲೌಸಿನ ಅಳತೆ ಕೊಡಲು ಹೋಗಿದ್ದೆ. ಶಾಹೀನ ಟೇಪು ನನ್ನ ಹೆಗಲ ಮೇಲೆ ಹಾಕಿ, ಅಳೆಯುವುದು ಬಿಟ್ಟು ಮೊಬೈಲು ಮುಂದೆ ಹಿಡಿದಳು.

“ನೋಡ್ರಿ ಅಕ್ಕಾ, ನಮ್ಮನೆಯವರ ಹಡಗು ಸ್ಕೂಲ್ ಮೈದಾನದಾಗೆ ಹೊಂಟೈತೆ!”

ನಾನು ನಕ್ಕೆ. (ನೀವೂ ನಗುತ್ತಿದ್ದಿರಿ, ಸುಮ್ಮನಿರಿ.) ಆಮೇಲೆ ಪರದೆ ನೋಡಿದೆ. ನಗು ಅಲ್ಲೇ ನಿಂತಿತು.

ಶಾಹೀನ ಚನ್ನಗಿರಿಯ ನಮ್ಮ ಬೀದಿಯ ಟೈಲರ್. ಗಂಡ ನಜೀರ್ ನ್ಯಾಮತಿಯವನು. ವೆಲ್ಡಿಂಗ್ ಶಾಪಿನಲ್ಲಿ ಕೈ ಪಳಗಿಸಿಕೊಂಡು, ಟ್ರೈನಿಂಗ್ ಮುಗಿಸಿ, ಈಗ ಗ್ಯಾಸ್ ಸಾಗಿಸುವ ಹಡಗೊಂದರಲ್ಲಿ ಫಿಟ್ಟರ್. ನಮ್ಮ ಅಡುಗೆಮನೆಯ ಸಿಲಿಂಡರಿಗೆ ಗ್ಯಾಸ್ ಬರುವ ಕೊಲ್ಲಿಯ ಕಡೆಯೇ ಅವನ ಓಡಾಟ. ಯಾವ ಹಡಗು ಎಲ್ಲಿದೆ ಎಂದು ನಕ್ಷೆಯ ಮೇಲೆ ಚುಕ್ಕಿ ಇಟ್ಟು ತೋರಿಸುವ ಆ್ಯಪ್ ಒಂದಿದೆ. ಶಾಹೀನ ಪ್ರತಿ ತೋಳು ಹೊಲಿದಾದ ಮೇಲೂ ಅದನ್ನು ತೆಗೆದು ನೋಡುತ್ತಾಳೆ.

ಅವತ್ತು ಚುಕ್ಕಿ ನೀರು ಬಿಟ್ಟು ನೆಲ ಹತ್ತಿತ್ತು. ದೊಡ್ಡದು ಮಾಡಿ ನೋಡಿದೆವು. ಯಾವುದೋ ಊರು. ಸಾಲು ಮನೆಗಳು, ನಿಲ್ಲಿಸಿದ ಕಾರುಗಳು. ಹಡಗು ಅವುಗಳ ಮೇಲೆ ಅದೇ ವೇಗದಲ್ಲಿ, ಸದ್ದಿಲ್ಲದೆ ಹೋಗುತ್ತಿತ್ತು.

ಇನ್ನು, ನಮ್ಮ ಕಡೆಯ ಒಂದು ಕೆಟ್ಟ ಅಭ್ಯಾಸ ಹೇಳಬೇಕು. ಫೋನೆತ್ತಿದರೆ ನಾವು ಹಲೋ ಅನ್ನುವುದಿಲ್ಲ, “ಎಲ್ಲದೀರಿ?” ಅನ್ನುತ್ತೇವೆ. ಅದಕ್ಕೆ ನಿಜ ಹೇಳಿದವರನ್ನು ನಾನಂತೂ ಕಂಡಿಲ್ಲ. ಮನೆಯಲ್ಲಿ ಚಪ್ಪಲಿ ಹುಡುಕುತ್ತಿರುವವರು “ಹೊನ್ನಾಳಿ ದಾಟಿದೆ” ಅನ್ನುತ್ತಾರೆ. ಮೈಗೆ ಸೋಪು ಹಚ್ಚಿಕೊಂಡವರು “ಇಲ್ಲೇ ಕೆರೆಬಿಳಚಿ ಹತ್ರ ಅದೀನಿ” ಅನ್ನುತ್ತಾರೆ. ನಜೀರ್ ಇದರಲ್ಲಿ ಪಂಟ. ಹೆಣ್ಣು ನೋಡಲು ಬರುವ ದಿನವೇ ನ್ಯಾಮತಿಯ ಸಲೂನಿನಲ್ಲಿ ಕುಳಿತು ಹೊನ್ನಾಳಿ ದಾಟಿದವನು.

ಹಾಗಾಗಿ ಗಂಡ “ನೀರ ಮೇಲಿದೀನಿ” ಅಂದು, ಚುಕ್ಕಿ “ನೆಲದ ಮೇಲಿದ್ದಾನೆ” ಅಂದರೆ, ಚನ್ನಗಿರಿಯ ಹೆಂಡತಿ ಯಾರನ್ನು ನಂಬುತ್ತಾಳೆ?

ಶಾಹೀನ ನನ್ನೆದುರೇ ಫೋನ್ ಹಚ್ಚಿದಳು. ಮನೆಮಾತು ಉರ್ದು, ಜಗಳಕ್ಕೆ ಮಾತ್ರ ಕನ್ನಡ. “ಯಾವ ಊರಾಗೆ ಇಳಿದೀರಿ? ಯಾರ ಮನೇಗೆ ಹೋಗೀರಿ? ನ್ಯಾಮತಿ ಬುದ್ಧಿ ಹಡಗಿಗೂ ತಗಂಡ್ ಹೋದ್ರಾ?” ಆ ಕಡೆಯಿಂದ ಏನೋ ಹೇಳುತ್ತಿದ್ದ. “ಸುಳ್ಳ ನೀವು!” ಅಂದು ಕಟ್ ಮಾಡಿದಳು.

ಆಮೇಲೆ ಫೋನ್ ಸಿಗಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಮಧ್ಯಾಹ್ನ ನನ್ನನ್ನು ಕರೆಸಿದಳು. ಚುಕ್ಕಿ ಊರು ದಾಟಿ ಮರಳುಗಾಡು ಸೇರಿ, ಬಳೆ ಇಟ್ಟು ಗೀರಿದ ಹಾಗೆ ದುಂಡಗೆ ಸುತ್ತುತ್ತಿತ್ತು. ಅದೊಂದೇ ಅಲ್ಲ. ಹತ್ತಾರು ಹಡಗು, ಒಂದರ ಮೇಲೊಂದು, ಒಂದೇ ಸುತ್ತು. ಯಾವುದೂ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತಿಲ್ಲ. ಮುಟ್ಟಿದರೆ ಹೆಸರು ಹೇಳುತ್ತವೆ, ಮತ್ತೆ ಸುತ್ತುತ್ತವೆ. ಹೊರಗೆ ಸುಡುಬಿಸಿಲು. ನಾನು ಮೊಬೈಲು ಬೋರಲು ಹಾಕಿದೆ.

“ಕೊನೇ ಮಾತು ಸುಳ್ಳ ಅಂದುಬಿಟ್ಟೆ ಅಕ್ಕಾ,” ಅಂದಳು ಶಾಹೀನ.

ಜಗಳೂರಿನ ತಿಪ್ಪೇಸ್ವಾಮಿಗೆ ಫೋನ್ ಮಾಡಿದೆ. ಹೈಸ್ಕೂಲಿನ ಸಹಪಾಠಿ, ನೌಕಾಪಡೆಯಲ್ಲಿ ರೇಡಿಯೋ ಕೆಲಸ ಮಾಡಿ ನಿವೃತ್ತನಾದವನು. (ಕುಡಿಯುವ ನೀರಿಗೇ ಟ್ಯಾಂಕರ್ ಕಾದವನು ಸಮುದ್ರಕ್ಕೆ ಹೋಗಿದ್ದು ಹೇಗೆ ಎಂದು ಕೇಳಿದರೆ ಇವತ್ತಿಗೂ ಸಿಟ್ಟಾಗುತ್ತಾನೆ.)

“ಯಾರೋ ಸುಳ್ಳು ಸಿಗ್ನಲ್ ಬಿಡ್ತಾ ಅದಾರೆ,” ಅಂದ. “ಉಪಗ್ರಹದ ಸಿಗ್ನಲ್ ಥರಾನೇ, ಆದ್ರೆ ಅದಕ್ಕಿಂತ ಜೋರು. ಹಡಗು ನಂಬಿಬಿಡ್ತೈತೆ. ನಂಬಿ, ನಾನು ಇಲ್ಲಿದೀನಿ ಅಂತ ಲೋಕಕ್ಕೆಲ್ಲ ಸಾರ್ತೈತೆ.”

“ಕೊಲ್ಲಿಯಲ್ಲಿ ಅಷ್ಟೊಂದು ಯುದ್ಧನೌಕೆಗಳು ಕಾವಲಿಗೆ ಇವೆಯಲ್ಲೋ?”

“ಕಡಲ್ಗಳ್ಳ ಬಂದ್ರೆ ಹಿಡೀಬಹುದು. ಡ್ರೋನ್ ಬಂದ್ರೆ ಹೊಡೀಬಹುದು. ಇಲ್ಲಿ ಬಂದೋರೇ ಯಾರೂ ಇಲ್ಲ ನೋಡು, ಯಾರನ್ನ ಹೊಡಿಯಾಕೆ ಹೋಗ್ಬೇಕು? ರಾಡಾರಿನಾಗೆ ಏನೋ ಒಂದು ಐತೆ ಅಂತ ಕಾಣ್ತೈತೆ. ಆ ಹಡಗು ಹೇಳೋ ಹೆಸರು, ಜಾಗ, ಎರಡೂ ಸುಳ್ಳಾದ್ರೆ ಅದು ಯಾರದ್ದು ಅಂತ ತಿಳಿಯೋದು ಹೆಂಗೆ?”

ಶತ್ರು ಎಂದರೆ ಗಡಿ ದಾಟಿ ಬರುವವನು ಎಂದುಕೊಂಡು ಬೆಳೆದವರು ನಾವು. ಇವನು ಬರುವುದೇ ಇಲ್ಲ. ಎಲ್ಲೋ ದಡದಲ್ಲಿ ಒಂದು ಯಂತ್ರದ ಮುಂದೆ ಕೂರುತ್ತಾನೆ. ಹಡಗನ್ನು ಮುಟ್ಟದೆ ಅದರ ಜಾಗ ಕದಿಯುತ್ತಾನೆ. ಇಷ್ಟು ದೂರದ ಚನ್ನಗಿರಿಯಲ್ಲಿ ಗಂಡ ಹೆಂಡಿರ ನಡುವಿನ ನಂಬಿಕೆಯನ್ನೂ ಕದಿಯುತ್ತಾನೆ. ಇದಕ್ಕೆ ಯಾವ ಫಿರಂಗಿ ಇದೆ ಹೇಳಿ?

ಐದನೇ ದಿನ ನಜೀರನ ಫೋನ್ ಬಂತು. ನಾನೂ ಅಲ್ಲೇ ಇದ್ದೆನೆಂದು ಶಾಹೀನ ಸ್ಪೀಕರ್ ಹಾಕಿದಳು.

“ನಾನ್ ಸುಳ್ಳು ಹೇಳಿರ್ಲಿಲ್ಲ ಶಾಹೀನ,” ಅಂದ ಮೊದಲಿಗೇ. “ಸ್ಕ್ರೀನಿನಾಗೆ ಮರಳು, ಕಿಟಕಿಯಾಗೆ ನೀರು. ಕ್ಯಾಪ್ಟನ್ ಸಾಹೇಬ್ರು ನಮ್ಮನ್ನೆಲ್ಲ ಡೆಕ್ ಮ್ಯಾಲೆ ಎರಡೂ ಕಡೆ ನಿಲ್ಸಿ, ಕಣ್ಣಾಗೆ ನೋಡಿ ಹೇಳ್ರಿ ಅಂದ್ರು. ಬೆಳಿಗ್ಗೆ ಪಕ್ಕದಾಗೇ ಒಂದು ಹಡಗು ಹೋತು. ಸ್ಕ್ರೀನಿನಾಗೆ ಅದು ಇಲ್ಲವೇ ಇಲ್ಲ. ಹೆಸರಿನ ಮ್ಯಾಲೆ ಬಣ್ಣ ಬಳಿದಿದ್ರು, ಸಿಗ್ನಲ್ಲೂ ಬಂದ್ ಮಾಡಿ ಕದ್ದು ಹೋಗೋ ಹಡಗಂತೆ. ನಾವು ಕೈ ಬೀಸಿದ್ವಿ. ಡೆಕ್ ಮ್ಯಾಲೆ ಒಬ್ಬರೂ ಇರ್ಲಿಲ್ಲ.”

ಶಾಹೀನ ಅತ್ತುಬಿಟ್ಟಳು. “ಮಾಫ್ ಮಾಡ್ರಿ,” ಅಂದಳು. ಅವನು ನಕ್ಕ. ಇನ್ನೂ ನಾಲ್ಕು ದಿನ ಇದೇ ನೀರಿನಲ್ಲಿ ಹೋಗಬೇಕು ಅನ್ನುವಷ್ಟರಲ್ಲಿ ಲೈನ್ ಹೋಯಿತು. ಮತ್ತೆ ಸಿಕ್ಕಿಲ್ಲ.

ಇವತ್ತು ಬ್ಲೌಸ್ ತರಲು ಹೋದೆ. ಮೊಬೈಲು ಮಿಷಿನ್ನಿನ ಮೇಲೇ ಇತ್ತು. ಚುಕ್ಕಿ ನಡುಗಡಲಿನಲ್ಲಿ, ನೀಲಿಯ ಮೇಲೆ, ನೇರವಾಗಿ ಸಾಗುತ್ತಿತ್ತು. ನನಗೆ ಜೀವ ಬಂದಂತಾಯಿತು.

“ಸದ್ಯ, ನೀರಿಗೆ ಬಂತಲ್ಲೇ!” ಅಂದೆ.

ಶಾಹೀನ ದಾರ ಹಲ್ಲಿನಲ್ಲಿ ಕಡಿದು ನನ್ನ ಮುಖ ನೋಡಿದಳು.

“ಇದು ನಿಜ ಅಂತ ನಿಮಗೆ ಯಾರು ಹೇಳಿದ್ರು ಅಕ್ಕಾ?”